ನಾಳೆಗೆಂದು ತೋಡಿದ ಮೂರು ಗುಂಡಿ

ಮಣ್ಣನ್ನು ಹಿಡಿದು ಮನುಷ್ಯನನ್ನು ಮಾಡಿದ ತಂದೆಗೆ ವಂದನೆ. ಹೆದರಿದವರ ಮನೆಗೆ ಕರೆಯದೆಯೇ ಬಂದ ಮಗನಿಗೆ ವಂದನೆ. ನಮ್ಮ ಉಸಿರಿಗಿಂತ ನಮಗೆ ಹತ್ತಿರವಿರುವ ಪವಿತ್ರಾತ್ಮನಿಗೆ ವಂದನೆ. ಹೇಳುವ ನನ್ನ ನಾಲಿಗೆಯನ್ನೂ ಕೇಳುವ ನಿಮ್ಮ ಕಿವಿಯನ್ನೂ ಆತನ ಕೈಗೆ ಒಪ್ಪಿಸಿ ಈ ಕಥೆ ಹೇಳುತ್ತೇನೆ.

ಶಿಂಷಾ ನದಿಯ ದಂಡೆಯಲ್ಲಿ ಒಂದು ಸಣ್ಣ ಆಶ್ರಮವಿತ್ತು. ಪ್ರಾರ್ಥನೆಗೆ ಒಂದು ಕೋಣೆ, ಮುಂದೆ ಉದ್ದನೆಯ ಚಾವಡಿ, ಹಿಂದೆ ದಿಬ್ಬದ ಮೇಲೆ ಸಮಾಧಿಗಳ ಬಯಲು. ಕೂಗಿದರೆ ಕೇಳುವಷ್ಟು ದೂರದಲ್ಲಿ ಮೂವತ್ತು ಮನೆಗಳ ಊರು. ಊರಿನವರೆಲ್ಲ ಯೇಸುಸ್ವಾಮಿಯನ್ನು ನಂಬಿದವರು.

ಆಶ್ರಮದ ಹಿರಿಯರ ಹೆಸರು ಇನ್ನಾಸಪ್ಪ ಗುರುಗಳು. ಎಪ್ಪತ್ತು ದಾಟಿತ್ತು. ಕಿವಿ ಚುರುಕು, ಮಾತು ಕಡಿಮೆ.

ಅವರ ಶಿಷ್ಯ ಚೌರಪ್ಪ, ನಲವತ್ತರ ಹತ್ತಿರದವನು. ಮೊದಲು ಬಾವಿ ತೋಡುವ ಕಸುಬಿನವನು. ಆಶ್ರಮಕ್ಕೆ ಬಾವಿ ತೋಡಲೆಂದೇ ಬಂದಿದ್ದ. ಇಪ್ಪತ್ತು ಅಡಿ ಇಳಿದ ಮೇಲೆ ಬಂಡೆ ಸಿಕ್ಕಿತು, ನೀರು ಸಿಗಲಿಲ್ಲ.

"ನೀರು ಬರಲಿಲ್ಲ ಗುರುಗಳೇ. ನನಗೆ ಕೂಲಿ ಬೇಡ" ಅಂದ.

"ಬೇಡದಿದ್ದರೆ ಬೇಡ. ಊಟ ಮಾಡಿ ಹೋಗು" ಅಂದರು ಗುರುಗಳು.

ಊಟ ಮಾಡಿದ. ಹೋಗಲಿಲ್ಲ. ಹಾಗೆ ಹನ್ನೆರಡು ವರ್ಷವಾಯಿತು.

ಆ ಬೇಸಿಗೆಯಲ್ಲಿ ಊರಿಗೆ ಕಾಲರಾ ಬಂತು. ಬೆಳಿಗ್ಗೆ ಹೊಲಕ್ಕೆ ಹೋದವರು ಸಂಜೆಗೆ ಏಳಲಾಗದೆ ಬೀಳುತ್ತಿದ್ದರು. ಗುರುಗಳು ಚಾವಡಿಯನ್ನು ತೆರವು ಮಾಡಿಸಿ ರೋಗಿಗಳನ್ನು ಅಲ್ಲೇ ಮಲಗಿಸಿದರು. ಊರಿನ ಹೆಂಗಸರು ಸರದಿಯಂತೆ ನೀರು ಕಾಯಿಸಿ, ಉಪ್ಪು ಹಾಕಿ ಗಂಜಿ ಬೇಯಿಸಿ ತರುತ್ತಿದ್ದರು. ಗುಟುಕು ಗುಟುಕಾಗಿ ಕುಡಿಸುತ್ತಲೇ ಇರಬೇಕು. ಕುಡಿದವರಲ್ಲಿ ಹಲವರು ಉಳಿದರು. ಕುಡಿಯಲಾಗದವರು ಹೋದರು.

ಒಂದು ವಾರದಲ್ಲಿ ಐದು ಜನ ಹೋಗಿದ್ದರು. ಇನ್ನು ಹನ್ನೊಂದು ಜನ ಚಾವಡಿಯಲ್ಲಿದ್ದರು.

ಆ ಹನ್ನೊಂದು ಜನರಲ್ಲಿ ಚೌರಪ್ಪನ ಅಕ್ಕ ಮದಲೇನ ಒಬ್ಬಳು. ತಾಯಿಯಿಲ್ಲದ ಚೌರಪ್ಪನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವಳಿಗೆ ಅದು ಮೂರನೆಯ ದಿನ.

ಅಂದು ಮಧ್ಯಾಹ್ನ ಚೌರಪ್ಪ ಗುರುಗಳ ಬಳಿ ಬಂದು ಕುಳಿತ.

"ಗುರುಗಳೇ, ನಿಮಗೆ ಹೆದರಿಕೆ ಆಗೋದಿಲ್ಲವೇ?"

"ಆಗುತ್ತೆ."

"ಮತ್ತೆ ರಾತ್ರಿ ನಿದ್ದೆ ಹೇಗೆ ಮಾಡ್ತೀರಿ? ನಿಮ್ಮ ಗೊರಕೆ ಚಾವಡಿಯವರೆಗೂ ಕೇಳುತ್ತೆ."

"ಮಲಗೋ ಮುಂಚೆ ಹನ್ನೊಂದು ಹೆಸರನ್ನೂ ಒಂದೊಂದಾಗಿ ಹೇಳಿ ಪ್ರಭುವಿಗೆ ಒಪ್ಪಿಸ್ತೀನಿ. ಆಮೇಲೆ ಮಲಗ್ತೀನಿ."

"ನಾನೂ ಒಪ್ಪಿಸ್ತೀನಿ. ನನಗೆ ನಿದ್ದೆ ಬರೋದಿಲ್ಲ."

"ನೀನು ಒಪ್ಪಿಸಿ, ಹಿಂದೆಯೇ ಕೈ ನೀಡ್ತೀಯ. ವಾಪಸು ಕೊಡು ಅಂತ."



"ಬಾವಿಯಲ್ಲಿ ಇಳಿಯೋವಾಗ ನಮಗೊಂದು ಅಭ್ಯಾಸ ಗುರುಗಳೇ. ಮೇಲಿನ ಮಣ್ಣು ಕುಸಿಯುತ್ತೆ ಅಂತಲೇ ಮನಸ್ಸಿನಲ್ಲಿ ಇಟ್ಟುಕೊಂಡು ಕೆಲಸ ಮಾಡ್ತೀವಿ. ಆಗ ಕುಸಿದರೂ ಎದೆ ಒಡೆಯಲ್ಲ. ಕೆಟ್ಟದ್ದಕ್ಕೆ ಮೊದಲೇ ಸಿದ್ಧವಾದರೆ ಮನಸ್ಸು ತಣ್ಣಗಾಗುತ್ತೆ ಅಂತ ನನಗನ್ನಿಸುತ್ತೆ."

"ಸಿದ್ಧವಾಗಿ ನೋಡಿದ್ದೀಯಾ?"

"ಇನ್ನೂ ಇಲ್ಲ."

"ನೋಡಿ ಹೇಳು" ಅಂದರು ಗುರುಗಳು. ಎದ್ದು ಗಂಜಿಯ ಮಡಕೆಯ ಕಡೆ ಹೋದರು.

ಚೌರಪ್ಪ ಅದನ್ನು ಅಪ್ಪಣೆಯೆಂದೇ ತಿಳಿದ.

ಆ ಊರಿನಲ್ಲಿ ಒಂದು ಕಟ್ಟಳೆಯಿತ್ತು. ಸಾವಿನ ಗಂಟೆ ಹೊಡೆದ ಮೇಲೆಯೇ ದಿಬ್ಬದ ಮೇಲೆ ಗುದ್ದಲಿ ಬೀಳಬೇಕು. ಅದಕ್ಕೆ ಮುಂಚೆ ಯಾರೂ ಗುಂಡಿ ತೋಡುವುದಿಲ್ಲ. ತೋಡಿದ ಗುಂಡಿಯನ್ನು ಬರಿದೇ ಬಿಟ್ಟರೆ ಅದು ತನಗೆ ಬೇಕಾದವರನ್ನು ತಾನೇ ಕರೆದುಕೊಳ್ಳುತ್ತದೆಂದು ಹಿರಿಯರು ಹೇಳುತ್ತಿದ್ದರು. ಚೌರಪ್ಪನಿಗೆ ಇದು ಗೊತ್ತಿತ್ತು. ಆದರೆ ದಿಬ್ಬದ ನೆಲ ಜಲ್ಲಿಕಲ್ಲಿನದು. ಮೊನ್ನೆ ಒಂದೇ ದಿನ ಇಬ್ಬರು ಹೋದಾಗ, ಎರಡನೆಯ ಹೆಣ ಗುಂಡಿಗಾಗಿ ಅರ್ಧ ಹಗಲು ಕಾದಿತ್ತು. ನೊಣ ಮುತ್ತಿದ್ದವು. ಅದು ಅವನ ಕಣ್ಣಿನಿಂದ ಹೋಗಿರಲಿಲ್ಲ.

ಅವನು ಬಾವಿಯ ಹಗ್ಗವನ್ನು ತಂದ. ರೋಗಿಗಳು ಬಿಸಿಲಿನ ಜೊಂಪಿನಲ್ಲಿದ್ದರು. ನಾಡಿ ಸರಿಯಾಗಿ ಸಿಗದ ಇಬ್ಬರನ್ನು ತಲೆಯಿಂದ ಹಿಮ್ಮಡಿಯವರೆಗೆ ಅಳೆದು ಹಗ್ಗಕ್ಕೆ ಗಂಟು ಹಾಕಿಕೊಂಡ.

ಆಮೇಲೆ ಅಕ್ಕನ ಚಾಪೆಯ ಪಕ್ಕ ಕುಳಿತು ಅವಳನ್ನೂ ಅಳೆದ. ಗಂಟು ಹಾಕಿದ.

ಮರುದಿನ ಬೆಳಗಿನ ಪ್ರಾರ್ಥನೆಗೆ ಅವನು ಬರಲಿಲ್ಲ. ರಾತ್ರಿಯಿಡೀ ತೋಡಿದ್ದ; ಬೆಳಕು ಹರಿಯುವ ಹೊತ್ತಿಗೆ ದಿಬ್ಬದ ಮೇಲೆ ಮೂರು ಗುಂಡಿಗಳು ಸಿದ್ಧವಾಗಿದ್ದವು.

ಮೊದಲು ನೋಡಿದವಳು ಜಪಮಾಲಮ್ಮ. ಊರಿಗೇ ಹಿರಿಯಳಾದ ಮುದುಕಿ. ಆಡು ಹೊಡೆದುಕೊಂಡು ದಿಬ್ಬ ಹತ್ತಿದವಳು ಆಡುಗಳನ್ನು ಅಲ್ಲೇ ಬಿಟ್ಟು ಇಳಿದಳು.

ಸೂರ್ಯ ಮಾರುದ್ದ ಏರುವಷ್ಟರಲ್ಲಿ ಊರಿನವರು ಗಂಟುಮೂಟೆ ಕಟ್ಟಿಕೊಂಡು ಆಶ್ರಮದ ಮುಂದೆ ನಿಂತಿದ್ದರು. ಹೊಳೆಯಲ್ಲಿ ನೀರು ಕಡಿಮೆ. ನಡೆದೇ ದಾಟಬಹುದು. ದಾಟಿ, ನೆಂಟರಿಷ್ಟರ ಊರುಗಳಿಗೆ ಹೋಗಿಬಿಡುವುದೆಂದು ಮಾತಾಗಿತ್ತು.

ಅವರು ಹೋದರೆ ನೀರು ಹೊರುವವರಿಲ್ಲ, ಗಂಜಿ ಬೇಯಿಸುವವರಿಲ್ಲ. ಒಬ್ಬ ಮುದುಕರು, ಒಬ್ಬ ಶಿಷ್ಯ, ಹನ್ನೊಂದು ಬಾಯಿ. ಅದು ಎಲ್ಲರಿಗೂ ಗೊತ್ತಿತ್ತು. ಯಾರೂ ಹೇಳಲಿಲ್ಲ.

"ಸ್ವಾಮಿ, ಹೇಳದೆ ಹೋಗಬಾರದು ಅಂತ ಬಂದೆವು" ಅಂದಳು ಜಪಮಾಲಮ್ಮ.

"ಏನಾಯಿತು ತಾಯಿ?"

"ಮೂರು ಗುಂಡಿ ತೋಡಿಸಿದ್ದೀರಿ. ಗಂಟೆ ಹೊಡೆದಿಲ್ಲ. ಯಾರೂ ಸತ್ತಿಲ್ಲ. ನಿಮಗೆ ದೇವರು ಏನೋ ತೋರಿಸಿದ್ದಾನೆ, ನಮಗೆ ಹೇಳ್ತಿಲ್ಲ ನೀವು."

"ನನಗೆ ಏನೂ ತೋರಿಸಿಲ್ಲ. ನಾನು ತೋಡಿಸಿಯೂ ಇಲ್ಲ."

ಎಲ್ಲರೂ ಚೌರಪ್ಪನ ಕಡೆ ತಿರುಗಿದರು. ಅವನ ಮೊಣಕಾಲಿನವರೆಗೆ ಕೆಂಪು ಮಣ್ಣಿತ್ತು.

"ನಾನೇ ತೋಡಿದ್ದು" ಅಂದ.

"ಯಾಕಪ್ಪ?" ಗುರುಗಳು ಕೇಳಿದರು.

"ಮೊನ್ನೆ ಹೆಣ ಕಾಯಬೇಕಾಯಿತಲ್ಲ ಗುರುಗಳೇ. ಮುಂಚೆಯೇ ತೋಡಿಟ್ಟಿದ್ದರೆ ಆ ಅವಮಾನ ಆಗ್ತಿರಲಿಲ್ಲ."

"ಸರಿಯಾದ ಮಾತು. ಹನ್ನೊಂದು ಜನ ಮಲಗಿದ್ದಾರೆ. ಮೂರೇ ಯಾಕೆ?"

"ಇಬ್ಬರ ನಾಡಿ ಸಿಗ್ತಾ ಇಲ್ಲ."

"ಮೂರನೆಯದು?"



"ಮೂರನೆಯದು ಅವನಕ್ಕನಿಗೆ" ಅಂದಳು ಜಪಮಾಲಮ್ಮ. "ನಾನು ನೋಡಿದೆನಲ್ಲ. ಅದೊಂದಕ್ಕೆ ಅಂಚು ಕೆತ್ತಿ ನುಣ್ಣಗೆ ಮಾಡಿದ್ದಾನೆ."

ಜನರಲ್ಲಿ ಯಾರೋ ಕೆಮ್ಮಿದರು. ಒಂದು ಆಡು ಬಂದು ಜಪಮಾಲಮ್ಮನ ಗಂಟನ್ನು ಮೂಸಿತು. ಅವಳು ಅದನ್ನು ಕಾಲಿನಿಂದ ಸರಿಸಿದಳು.

ಗುರುಗಳು ಶಿಷ್ಯನನ್ನು ಹತ್ತಿರ ಕರೆದರು.

"ನಾವು ದಿನಾ ತಂದೆಗೆ ಹೇಳೋ ಜಪದಲ್ಲಿ ಎಷ್ಟು ದಿನದ ಅನ್ನ ಕೇಳ್ತೀವಿ?"

"ಈವತ್ತಿನದು."

"ನಾಳೆಯದು ಯಾಕೆ ಕೇಳೋದಿಲ್ಲ?"

"ನಾಳೆ ಮತ್ತೆ ಕೇಳಬಹುದಲ್ಲ ಗುರುಗಳೇ. ಆತ ಎಲ್ಲಿ ಹೋಗ್ತಾನೆ?"

"ಅನ್ನವನ್ನು ಒಂದು ದಿನಕ್ಕೆ ಸಾಕು ಅನ್ನೋನು, ಸಾವನ್ನು ಮೂರು ದಿನಕ್ಕೆ ಆಗೋಷ್ಟು ಯಾಕೆ ಕೂಡಿಟ್ಟೆ?"

ಚೌರಪ್ಪ ಮೊಣಕಾಲಿನ ಮಣ್ಣು ಉಜ್ಜಿಕೊಂಡ.

"ಇರಲಿ. ಸಿದ್ಧವಾಗಿ ನೋಡಿ ಹೇಳು ಅಂದಿದ್ದೆನಲ್ಲ. ಮನಸ್ಸು ತಣ್ಣಗಾಯಿತೇ?"

"ಇಲ್ಲ ಗುರುಗಳೇ. ಮೂರನೆಯದನ್ನು ತೋಡ್ತಾ ತೋಡ್ತಾ ಜಾಸ್ತಿಯಾಯಿತು."

"ಹೋಗು. ನಿನ್ನ ಅಕ್ಕ ನಿನ್ನೆ ಮಧ್ಯಾಹ್ನದಿಂದ ಒಂದು ಗುಟುಕೂ ಮುಟ್ಟಿಲ್ಲ. ನಾನು ಕೊಟ್ಟರೂ ಬೇಡ ಅಂದಳು. ನೀನು ಕೊಟ್ಟು ನೋಡು."

ಚೌರಪ್ಪ ಗಂಜಿಯ ಬಟ್ಟಲು ಹಿಡಿದು ಚಾವಡಿಗೆ ಹೋದ. ಮದಲೇನ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಕಣ್ಣು ಗುಳಿಬಿದ್ದಿದ್ದವು. ತುಟಿ ಒಣಗಿತ್ತು.

"ಅಕ್ಕ, ಗಂಜಿ."

ಅವಳು ಅಲುಗಲಿಲ್ಲ.

"ಒಂದು ಗುಟುಕು ಕುಡಿ ಅಕ್ಕ."

"ಯಾಕೆ?"

"ಯಾಕೆ ಅಂದರೆ? ಬದುಕಬೇಡವೇ?"

"ಮೂರು ಮೊಳ ಒಂದು ಗೇಣು ಅಂತ ಗಂಟು ಹಾಕಿಕೊಂಡು ಹೋದೆಯಲ್ಲೋ. ಗಂಜಿ ಕುಡಿದು ಊದಿಕೊಂಡರೆ ನಿನ್ನ ಗುಂಡಿ ಸಾಲದೆ ಹೋಗುತ್ತೆ."

ಚೌರಪ್ಪನ ಕೈಯಲ್ಲಿ ಬಟ್ಟಲು ಹಾಗೇ ನಿಂತಿತು.

"ನೀನು ನಿದ್ದೆ ಮಾಡ್ತಿದ್ದೀಯ ಅಂದುಕೊಂಡೆ."

"ಕಾಲು ಸೆಳೀತಿತ್ತು. ನಿದ್ದೆ ಎಲ್ಲಿಂದ ಬರಬೇಕು. ನಿನ್ನ ಕೈ ಹಿಮ್ಮಡಿಗೆ ತಾಗಿತು. ನನ್ನ ತಮ್ಮ ಕಾಲು ಒತ್ತೋಕೆ ಬಂದ ಅಂದುಕೊಂಡೆ." ಅವಳು ಉಸಿರೆಳೆದುಕೊಂಡಳು. "ಹಗ್ಗ ಅಂತ ಆಮೇಲೆ ತಿಳೀತು. ರಾತ್ರಿಯೆಲ್ಲ ಹಾರೆ ಸದ್ದೂ ಕೇಳಿತು. ನೀನು ಕಸುಬುದಾರ. ಬಂಡೆ ಎಲ್ಲಿದೆ ಅಂತ ಮೇಲಿನಿಂದಲೇ ಹೇಳೋನು. ನೀನೇ ತೋಡಿದ್ದೀಯ ಅಂದಮೇಲೆ ನನ್ನದು ಮುಗಿಯಿತು. ಸುಮ್ಮನೆ ಗಂಜಿ ಯಾಕೆ ದಂಡ. ಆ ಕಡೆ ಕೊಡು."



ಚೌರಪ್ಪ ಬಟ್ಟಲು ಹಿಡಿದು ಹಾಗೇ ಹಿಂದಿರುಗಿದ.

"ಗುರುಗಳೇ, ನಾನೇ ಅಕ್ಕನನ್ನು ಕೊಂದೆ."

"ಉಸಿರಾಡ್ತಿದ್ದಾಳೆಯೇ?"

"ಆಡ್ತಿದ್ದಾಳೆ."

"ನೀನು ಮತ್ತೆ ನಾಳೆಗೆ ಓಡಿದೆ. ಇಲ್ಲಿಗೆ ಬಾ."

ಚೌರಪ್ಪ ಅವರ ಕಾಲ ಬಳಿ ಕುಸಿದು ಕುಳಿತ. "ನನಗೆ ನಂಬಿಕೆ ಇಲ್ಲ ಗುರುಗಳೇ. ಹನ್ನೆರಡು ವರ್ಷ ನಿಮ್ಮ ಹತ್ತಿರ ಇದ್ದೆ. ಬಂದಿದ್ದು ಬರೀ ಹೆದರಿಕೆ."

"ಪ್ರಭು ಶಿಲುಬೆಗೆ ಹೋಗೋ ಹಿಂದಿನ ರಾತ್ರಿ, ಆ ತೋಟದಲ್ಲಿ ಏನು ಮಾಡಿದ?"

"ಪ್ರಾರ್ಥನೆ ಮಾಡಿದ."

"ಪ್ರಾರ್ಥನೆ ಮಾಡ್ತಾ?"

"ಬೆವರಿದ."

"ಯಾಕೆ ಬೆವರಿದ? ಸೆಖೆಗೇ?"

ಚೌರಪ್ಪ ತಲೆ ಎತ್ತಿದ.

"ಆತನೂ ಹೆದರಿದ ಕಣಪ್ಪ. ಹೆದರಿಕೊಂಡೇ ತಂದೆಯ ಕೈ ಹಿಡಿದುಕೊಂಡ. ನೀನು ಹೆದರಿಕೊಂಡು ಹಾರೆ ಹಿಡಿದೆ. ಅಷ್ಟೇ ವ್ಯತ್ಯಾಸ. ಏಳು, ಕೆಲಸವಿದೆ."

ಗುರುಗಳು ಚಾವಡಿಗೆ ಹೋದರು. ಮೂಲೆಯಲ್ಲಿ ರೋಗಿಗಳ ಕೊಳೆಯಾದ ಚಾಪೆ, ಬಟ್ಟೆಗಳು ರಾಶಿ ಬಿದ್ದಿದ್ದವು. ಅವನ್ನು ಹೊಳೆಯಲ್ಲಿ ಒಗೆಯಬೇಡಿ, ಹೂಳಿಬಿಡಿ ಎಂದು ಅವರು ಒಂದು ವಾರದಿಂದ ಹೇಳುತ್ತಿದ್ದರು. ಪಟ್ಟಣದ ಡಾಕ್ಟರೊಬ್ಬರು ಅವರಿಗೆ ಹಿಂದೆ ಹಾಗೆ ಹೇಳಿದ್ದರು. ಆದರೆ ಜಲ್ಲಿಕಲ್ಲಿನ ನೆಲದಲ್ಲಿ ಚಾಪೆಗಾಗಿ ಗುಂಡಿ ತೋಡುವವರು ಯಾರು? ಚೌರಪ್ಪನಿಗೆ ಹೆಣದ ಗುಂಡಿಗಳೇ ಸಾಕಾಗಿದ್ದವು. ಹೆಂಗಸರು ಕಣ್ಣು ತಪ್ಪಿಸಿ ಹೊಳೆಗೇ ಒಯ್ದು ಒಗೆಯುತ್ತಿದ್ದರು. ಕುಡಿಯುವ ನೀರೂ ಅದೇ ಹೊಳೆಯದು. ಎಲ್ಲ ಮನೆಗಳಲ್ಲೂ ಅದನ್ನು ಕಾಯಿಸಿಯೇ ಕುಡಿಯುತ್ತಿದ್ದರೆಂದು ಹೇಳಲಾಗದು.

ಗುರುಗಳು ಒಂದು ಚಾಪೆಯನ್ನು ಸುರುಳಿ ಸುತ್ತಿ ಹೆಗಲಿಗೇರಿಸಿದರು. ಇನ್ನೊಂದರ ಒಂದು ತುದಿ ಹಿಡಿದು ಜಪಮಾಲಮ್ಮನ ಕಡೆ ನೋಡಿದರು.

"ತಾಯಿ, ಗುಂಡಿ ಬರಿದೇ ಬಿಡಬಾರದು ಅಂತೀರಲ್ಲ."

"ಬಿಡಬಾರದು ಸ್ವಾಮಿ. ಕೋಳಿಯನ್ನಾದರೂ ಹಾಕಿ ಮುಚ್ಚಬೇಕು. ಅದು ನಮ್ಮ ಹಿರಿಯರ ಮಾತು."

"ಕೋಳಿ ಪಾಪ ಏನು ಮಾಡಿತು? ಇದನ್ನು ಹಾಕೋಣ. ಆ ತುದಿ ಹಿಡಿ."

ಜಪಮಾಲಮ್ಮ ಹಿಡಿಯಲಿಲ್ಲ.

"ಮೊದಲು ಒಂದು ಮಾತು ಹೇಳಿ. ಇನ್ನು ಯಾರೂ ಸಾಯೋದಿಲ್ಲ ಅಂತ ದೇವರ ಮೇಲೆ ಆಣೆ ಇಡಿ. ನಾವು ಇರ್ತೀವಿ."

"ಸಾಯಬಹುದು."

"ಯಾರು?"

"ನಾನು ಸಾಯಬಹುದು. ನೀನೂ ಸಾಯಬಹುದು. ನಿನಗೆ ಎಂಬತ್ತಾಯಿತು."

"ಎಪ್ಪತ್ತೆಂಟು."

"ಎಪ್ಪತ್ತೆಂಟು. ಹೊಳೆಯ ಆಚೆ ದಂಡೆಯಲ್ಲಿ ಸಾಯೋದಿಲ್ಲ ಅಂತ ನಿನಗೆ ಯಾರು ಆಣೆ ಇಟ್ಟರು?"

"ಯಾರೂ ಇಟ್ಟಿಲ್ಲ."

"ಮತ್ತೆ ನನ್ನನ್ನು ಮಾತ್ರ ಯಾಕೆ ಕೇಳ್ತೀಯ?"

"ನೀವು ಸ್ವಾಮಿ ಅಲ್ಲವೇ. ನೆಮ್ಮದಿ ಆಗೋ ಹಾಗೆ ಒಂದು ಮಾತು ಹೇಳ್ತೀರಿ ಅಂತ ಕೇಳಿದೆ."

"ಒಂದು ಮಾತು ಹೇಳ್ತೀನಿ. ಪ್ರಭು ಹೊಳೆಯ ಆಚೆಯೂ ಇದ್ದಾನೆ. ನೀವು ಹೋದರೆ ನಿಮ್ಮ ಜೊತೆ ಬರ್ತಾನೆ, ಸಿಟ್ಟು ಮಾಡ್ಕೊಳ್ಳೋದಿಲ್ಲ. ಆದರೆ ಈಗ ಈ ಹೊತ್ತಿನಲ್ಲಿ ಆತ ಈ ಚಾವಡಿಯಲ್ಲಿ ಬಾಯಾರಿ ಮಲಗಿದ್ದಾನೆ. ಕೈ ನೋಯ್ತಾ ಇದೆ ತಾಯಿ. ಹಿಡಿತೀಯೋ, ಇಳಿಸಲೋ?"

ಜಪಮಾಲಮ್ಮ ತನ್ನ ಗಂಟನ್ನು ನೆಲಕ್ಕಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಚಾಪೆಯ ತುದಿ ಹಿಡಿದಳು.

"ಇದೊಂದು ಹೊತ್ತು ಹಾಕಿ ಹೋಗ್ತೀನಿ, ಅಷ್ಟೇ" ಅಂದಳು.

"ಅಷ್ಟೇ ಸಾಕು."

ಇಬ್ಬರು ಮುದಿಬೆನ್ನಿನವರು ದಿಬ್ಬ ಹತ್ತುವುದನ್ನು ಜನ ನೋಡುತ್ತ ನಿಂತರು. ಮೊದಲು ಒಬ್ಬ ಹೆಂಗಸು ಬಂದು ಬಟ್ಟೆಯ ರಾಶಿಗೆ ಕೈ ಹಾಕಿದಳು. ಆಮೇಲೆ ಇಬ್ಬರು ಗಂಡಸರು. ನಾಲ್ಕು ಮನೆಯವರು ಮಾತಾಡದೆ ಹೊಳೆಗಿಳಿದರು. ಗುರುಗಳು ದಿಬ್ಬದ ಮೇಲಿನಿಂದ ಅವರ ಕಡೆಗೆ ಶಿಲುಬೆಯ ಗುರುತು ಮಾಡಿ ಕಳಿಸಿದರು. ಉಳಿದವರು ಉಳಿದರು.

ಎರಡು ಗುಂಡಿಗಳು ತುಂಬಿದವು. ಮೇಲೆ ಸುಣ್ಣ ಸುರಿದರು.

ಚೌರಪ್ಪ ಮಣ್ಣೆಳೆಯುತ್ತ ಮೆಲ್ಲಗೆ ಕೇಳಿದ: "ಗುರುಗಳೇ, ಇದು ಪ್ರಾರ್ಥನೆ ಮಾಡಿ ಪವಿತ್ರ ಮಾಡಿದ ನೆಲ. ಇಲ್ಲಿ ಹೇಸಿಗೆ ಹೂಳಬಹುದೇ?"

"ಆತ ಹುಟ್ಟಿದ್ದೆಲ್ಲಿ?"

"ದನದ ಕೊಟ್ಟಿಗೆಯಲ್ಲಿ."

"ಹಾಗಿದ್ದ ಮೇಲೆ ಹೇಸಿಕೊಳ್ಳೋದು ನಾವು, ಆತ ಅಲ್ಲ."

ಮೂರನೆಯ ಗುಂಡಿಯ ಮುಂದೆ ಗುರುಗಳು ನಿಂತರು. ಬಗ್ಗಿ ಅಂಚನ್ನು ಮುಟ್ಟಿ ನೋಡಿದರು. ನಿಜಕ್ಕೂ ನುಣ್ಣಗಿತ್ತು.

"ಹೆದರಿಕೆ ತೋಡಿದ್ದು" ಅಂದರು. "ಆದರೆ ಚೆನ್ನಾಗಿ ತೋಡಿದ್ದೀಯ. ಪ್ರೀತಿಯೂ ಜೊತೆಗೆ ಕೈ ಹಾಕಿದೆ."

ಚೌರಪ್ಪನ ಕಣ್ಣು ತುಂಬಿದವು.

"ಇದನ್ನು ನೀನೇ ತುಂಬು. ನಿನ್ನ ಅಕ್ಕನ ಚಾಪೆ, ಸೀರೆ, ಹೊದಿಕೆ. ಬೇರೆ ಹಾಸಿ ಕೊಟ್ಟು ಅವೆಲ್ಲವನ್ನೂ ತಂದು ಹಾಕು. ಮುಚ್ಚು. ಮುಚ್ಚಿದೆ ಅಂತ ಅವಳಿಗೆ ಹೇಳು."

ಚೌರಪ್ಪ ಹಾಗೇ ಮಾಡಿದ. ಜಪಮಾಲಮ್ಮ ತನ್ನ ಗಂಟು ಬಿಚ್ಚಿ ಒಂದು ಸೀರೆ ತೆಗೆದು ಮದಲೇನಳಿಗೆ ಉಡಿಸಿದಳು. ಹಳೆಯದನ್ನೆಲ್ಲ ಚೌರಪ್ಪ ಹೊತ್ತು ಒಯ್ದು ಹಾಕಿ, ಸುಣ್ಣ ಸುರಿದು, ಮಣ್ಣೆಳೆದು, ಕಾಲಿನಿಂದ ತುಳಿದು ಗಟ್ಟಿ ಮಾಡಿದ. ಕೈಕಾಲು ತೊಳೆದು ಅಕ್ಕನ ಪಕ್ಕ ಬಂದು ಕುಳಿತ.

"ಅಕ್ಕ, ಆ ಗುಂಡಿ ಮುಚ್ಚಿಬಿಟ್ಟೆ."

"ಬರಿದೇ ಮುಚ್ಚಿದೆಯಾ? ಬುದ್ಧಿ ಇದೆಯೇನೋ ನಿನಗೆ?"

"ಬರಿದೇ ಅಲ್ಲ. ನಿನ್ನ ಚಾಪೆ, ಸೀರೆ, ಹೊದಿಕೆ ಹಾಕಿ ಮುಚ್ಚಿದೆ."

ಮದಲೇನ ಮೊದಲ ಸಲ ಈ ಕಡೆ ತಿರುಗಿದಳು.

"ಯಾವ ಸೀರೆ?"

"ನೀನು ಉಟ್ಟಿದ್ದದ್ದು. ಹಸಿರು ಅಂಚಿನದು."

"ಕ್ರಿಸ್ಮಸ್‌ಗೆ ತಗೊಂಡ ಸೀರೆ ಅದು."

"ಕೊಳೆಯಾಗಿತ್ತು ಅಕ್ಕ."

"ಕೊಳೆಯಾದರೆ ಒಗೀತಾರೆ ಕಣೋ. ಹೂಳ್ತಾರೆಯೇ? ಎರಡು ಸಲ ಉಟ್ಟಿಲ್ಲ." ಅವಳಿಗೆ ಮಾತು ಮುಂದುವರಿಸಲಾಗಲಿಲ್ಲ. ಗಂಟಲು ಒಣಗಿತ್ತು. ಬಟ್ಟಲಿನ ಕಡೆ ಕಣ್ಣು ಹೊರಳಿಸಿದಳು.

ಚೌರಪ್ಪ ತಲೆ ಎತ್ತಿ ಹಿಡಿದು ಒಂದು ಗುಟುಕು ಕುಡಿಸಿದ. ನುಂಗಿದಳು.

"ನಾನು ಹೆದರಿಬಿಟ್ಟೆ ಅಕ್ಕ" ಅಂದ. "ನೀನು ಹೋಗ್ತೀಯ ಅಂತ ನನಗೆ ಗೊತ್ತಿತ್ತು ಅಂತ ಅಲ್ಲ. ಏನೂ ಗೊತ್ತಿರಲಿಲ್ಲ. ಅದಕ್ಕೇ ಅಳೆದೆ."



"ಈಗ ಗೊತ್ತೇ?"

"ಈಗಲೂ ಗೊತ್ತಿಲ್ಲ."

"ಹಾಗಾದರೆ ಕುಡಿಸು" ಅಂದಳು.

ಅವನು ಕುಡಿಸಿದ. ಅರ್ಧ ವಾಂತಿಯಾಯಿತು. ಒರೆಸಿ ಮತ್ತೆ ಕುಡಿಸಿದ. ಮತ್ತೆ ವಾಂತಿಯಾಯಿತು. ಮತ್ತೆ ಕುಡಿಸಿದ. ಕಾಲು ಸೆಳೆದಾಗ ಒತ್ತಿದ. ನಡುನಡುವೆ ಯೇಸುಸ್ವಾಮಿಯ ಹೆಸರು ಹೇಳಿದ. ಹೆಸರಷ್ಟೇ. ಅದರ ಮುಂದೆ ಏನೂ ಕೇಳಿಕೊಳ್ಳಲಿಲ್ಲ, ಪುರುಸೊತ್ತಿರಲಿಲ್ಲ. ಜಪಮಾಲಮ್ಮ ಎರಡು ಸಲ ಗಂಜಿ ತಂದಿಟ್ಟು ಹೋದಳು. ಬಿಸಿಲು ಚಾವಡಿಯ ಈ ಕಂಬದಿಂದ ಆ ಕಂಬಕ್ಕೆ ಸರಿಯಿತು.

ಸಂಜೆಯ ಹೊತ್ತಿಗೆ ಅವಳು ವಾಂತಿ ಮಾಡದೆ ಒಂದು ಬಟ್ಟಲು ಮುಗಿಸಿದಳು. ಮುಗಿಸಿ, "ಹಸಿರು ಅಂಚು" ಅಂದು ಕಣ್ಣು ಮುಚ್ಚಿದಳು.

ಆ ವಾರ ಇನ್ನಿಬ್ಬರು ತೀರಿಕೊಂಡರು. ಚೌರಪ್ಪ ಗಂಟೆ ಹೊಡೆದ ಮೇಲೆ ದಿಬ್ಬ ಹತ್ತಿದ. ಅವತ್ತಿನ ಗುಂಡಿಯನ್ನು ಅವತ್ತು ತೋಡಿದ. ನಾಲ್ಕು ಜನ ಬಂದು ಜೊತೆಗೆ ಹಾರೆ ಹಿಡಿದರು, ಹಾಗಾಗಿ ಯಾವ ಹೆಣವೂ ಕಾಯಲಿಲ್ಲ. ಉಳಿದ ಒಂಬತ್ತು ಜನ ಒಬ್ಬೊಬ್ಬರಾಗಿ ಎದ್ದು ಮನೆಗೆ ಹೋಗತೊಡಗಿದರು. ಹೊಸದಾಗಿ ಬೀಳುವವರು ಕಡಿಮೆಯಾದರು. ಇದೊಂದು ಹೊತ್ತು ಹಾಕಿ ಹೋಗುತ್ತೇನೆಂದಿದ್ದ ಜಪಮಾಲಮ್ಮ ಗಂಜಿಯ ಮಡಕೆ ಬಿಟ್ಟು ಕದಲಲಿಲ್ಲ. ಯಾರಾದರೂ ಆ ಮಾತು ನೆನಪಿಸಿದರೆ ಸೌಟು ತೋರಿಸುತ್ತಿದ್ದಳು.

ಗುಂಡಿ ಮುಚ್ಚಿದ ಎಂಟನೆಯ ದಿನ ಮದಲೇನ ಕಂಬಕ್ಕೊರಗಿ ಎದ್ದು ಕುಳಿತಳು.

ಅವತ್ತು ಗುರುಗಳೂ ಶಿಷ್ಯನೂ ಹೊಳೆಯ ದಂಡೆಯಲ್ಲಿ ಮಡಕೆ ತಿಕ್ಕುತ್ತಿದ್ದರು.

"ಗುರುಗಳೇ, ನನ್ನ ಮನಸ್ಸು ಈಗ ತಣ್ಣಗಿದೆ" ಅಂದ ಚೌರಪ್ಪ.

"ಒಳ್ಳೆಯದು."

"ಆದರೆ ಒಂದು ಅನುಮಾನ."

"ಕೇಳು."

"ಅಕ್ಕ ಉಳಿದಳು. ಅದಕ್ಕೇ ಈ ಸಮಾಧಾನ. ಉಳಿಯದೆ ಹೋಗಿದ್ದರೆ ನಾನು ಮತ್ತೆ ಮೊದಲಿನ ಹಾಗೇ ಆಗ್ತಿದ್ದೆ. ಹಾಗಿದ್ದ ಮೇಲೆ ಇದು ಪ್ರಭು ಕೊಟ್ಟ ಸಮಾಧಾನ ಅಂತ ಹೇಗೆ ಹೇಳಲಿ? ಅದೃಷ್ಟ ಅನ್ನಬೇಕಲ್ಲವೇ?"

ಗುರುಗಳು ಮಡಕೆಯ ಒಳಗೆ ಕೈ ಹಾಕಿ ತಿಕ್ಕುತ್ತಲೇ ಇದ್ದರು.

"ಗುಂಡಿ ಮುಚ್ಚಿ ಬಂದು ಅಕ್ಕನ ಹತ್ತಿರ ಕೂತೆಯಲ್ಲ. ಅವತ್ತು ಮಧ್ಯಾಹ್ನ ಅವಳು ಉಳೀತಾಳೆ ಅಂತ ನಿನಗೆ ಗೊತ್ತಿತ್ತೇ?"

"ಇಲ್ಲ. ಇನ್ನೇನು ಹೋದಳು ಅಂತ ಎರಡು ಸಲ ಅನ್ನಿಸಿತು."

"ಆಗ ಹೆದರಿಕೆ ಎಷ್ಟಿತ್ತು?"

ಚೌರಪ್ಪ ಮಡಕೆ ಬಿಟ್ಟು ಯೋಚಿಸಿದ. ಹೊಳೆಯ ನೀರು ಕಲ್ಲುಗಳ ನಡುವೆ ಹರಿಯುತ್ತಿತ್ತು. ಅವನು ಆ ಮಧ್ಯಾಹ್ನವನ್ನು ಮೊದಲಿನಿಂದ ಕೊನೆಯವರೆಗೆ ಹುಡುಕಿದ.

"ಇರಲಿಲ್ಲ ಗುರುಗಳೇ" ಅಂದ, ತನಗೇ ಆಶ್ಚರ್ಯವಾದವನಂತೆ. "ಅವಳ ಬಾಯಿ ನೋಡ್ತಾ ಇದ್ದೆ. ಹೆದರೋದು ನೆನಪಾಗಲೇ ಇಲ್ಲ."

ಗುರುಗಳು ಮಡಕೆಯನ್ನು ತೊಳೆದು ಬಿಸಿಲಿಗೆ ಬೋರಲು ಹಾಕಿದರು.

"ಹಾಗಾದರೆ ಪ್ರಭು ಬಂದದ್ದು ಅವಳು ಎದ್ದು ಕೂತ ಮೇಲಲ್ಲ" ಅಂದರು.

ಕೇಳಿದ ನಿಮ್ಮೆಲ್ಲರ ಮನೆಗಳ ಮೇಲೆ, ಆ ಮನೆಗಳಲ್ಲಿ ಏಳಲಾಗದೆ ಮಲಗಿರುವವರ ಮೇಲೆ, ಅವರ ಪಕ್ಕದಲ್ಲಿ ಕಣ್ಣು ಮುಚ್ಚದೆ ಕುಳಿತಿರುವವರ ಮೇಲೆ ಪ್ರಭುವಿನ ಸಮಾಧಾನವಿರಲಿ. ಆಮೆನ್.